ಕ್ಯಾಂಪಸ್‌ಗೆ ‘ಐಸ್’ ಬಂದರೆ: ಅಮೆರಿಕದಲ್ಲಿ ಓದುವ ಮಕ್ಕಳಿಗೂ ಊರಿನಲ್ಲಿರುವ ಪೋಷಕರಿಗೂ ಒಂದು ಕೈಪಿಡಿ

2025ರ ಮಾರ್ಚ್ 25ರ ಸಂಜೆ, ಟಫ್ಟ್ಸ್ ವಿಶ್ವವಿದ್ಯಾಲಯದಲ್ಲಿ ಪಿಎಚ್‌.ಡಿ. ಮಾಡುತ್ತಿದ್ದ ಟರ್ಕಿಯ ರುಮೇಸಾ ಓಜ್ತುರ್ಕ್ ಇಫ್ತಾರ್‌ಗೆಂದು ಮ್ಯಾಸಚೂಸೆಟ್ಸ್‌ನ ಸಾಮರ್‌ವಿಲ್‌ನಲ್ಲಿದ್ದ ತಮ್ಮ ಮನೆಯಿಂದ ಹೊರಟಿದ್ದರು. ಮಫ್ತಿಯಲ್ಲಿದ್ದ, ಮುಖ ಮುಚ್ಚಿಕೊಂಡಿದ್ದ ವಲಸೆ ಇಲಾಖೆಯ ಅಧಿಕಾರಿಗಳು ಬೀದಿಯಲ್ಲೇ ಸುತ್ತುವರಿದು ಕೈಗೆ ಕೋಳ ಹಾಕಿದರು. ಅವರ ವೀಸಾ ಕೆಲವು ದಿನ ಮೊದಲೇ ರದ್ದಾಗಿತ್ತು. ಅದು ಅವರಿಗೇ ಗೊತ್ತಿರಲಿಲ್ಲ. ವಕೀಲರು ಮ್ಯಾಸಚೂಸೆಟ್ಸ್‌ನ ಕೋರ್ಟಿಗೆ ಅರ್ಜಿ ಹಾಕುವಷ್ಟರಲ್ಲಿ ಅವರನ್ನು ವರ್ಮಾಂಟ್‌ಗೆ ಸಾಗಿಸಿಯಾಗಿತ್ತು. ಮರುದಿನ ದೂರದ ಲೂಯಿಸಿಯಾನದ ಬಂಧನ ಕೇಂದ್ರದಲ್ಲಿದ್ದರು. ಅವರ ಮೇಲೆ ಯಾವ ಕ್ರಿಮಿನಲ್ ಆರೋಪವೂ ಇರಲಿಲ್ಲ. ವಿಶ್ವವಿದ್ಯಾಲಯದ ಪತ್ರಿಕೆಯಲ್ಲಿ ಇತರರ ಜೊತೆ ಸೇರಿ ಒಂದು ಲೇಖನ ಬರೆದಿದ್ದರು, ಅಷ್ಟೆ. ಫೆಡರಲ್ ನ್ಯಾಯಾಧೀಶರ ಆದೇಶದಿಂದ ಬಿಡುಗಡೆಯಾಗಿದ್ದು ಮೇ 9ರಂದು.

ಅವರ ಬಂಧನದ ಮರುತಿಂಗಳು, ಏಪ್ರಿಲ್‌ನಲ್ಲಿ, ಪೆಟ್ಟು ನಮ್ಮವರಿಗೂ ಬಿತ್ತು. ವಿದೇಶಿ ವಿದ್ಯಾರ್ಥಿಗಳ ಮಾಹಿತಿ ಇಡುವ ಸರ್ಕಾರದ ‘ಸೆವಿಸ್’ ದಾಖಲೆಯಿಂದ 4,700ಕ್ಕೂ ಹೆಚ್ಚು ವಿದ್ಯಾರ್ಥಿಗಳ ಹೆಸರು ಏಕಾಏಕಿ ರದ್ದಾಯಿತು. ವಿದ್ಯಾರ್ಥಿಗಳ ಹೆಸರನ್ನು ಪೊಲೀಸ್ ದಾಖಲೆಗಳ ಜೊತೆ ತಾಳೆ ಹಾಕಿ ಈ ಕ್ರಮ ಕೈಗೊಂಡಿದ್ದಾಗಿ ಸರ್ಕಾರವೇ ಕೋರ್ಟಿನಲ್ಲಿ ಹೇಳಿತು. ಅಮೆರಿಕದ ವಲಸೆ ವಕೀಲರ ಸಂಘ ಆಗ ಕಲೆಹಾಕಿದ 327 ಪ್ರಕರಣಗಳಲ್ಲಿ ಅರ್ಧದಷ್ಟು ಭಾರತೀಯರವು. ವಿಸ್ಕಾನ್ಸಿನ್–ಮ್ಯಾಡಿಸನ್‌ನ ಒಬ್ಬ ಭಾರತೀಯ ವಿದ್ಯಾರ್ಥಿಯ ಕಥೆ ಕೇಳಿ: ಬಾರ್ ಎದುರು ಮಾತಿಗೆ ಮಾತು ಬೆಳೆದು ಪೊಲೀಸರು ಹಿಡಿದಿದ್ದರು, ಸರ್ಕಾರಿ ವಕೀಲರು ಕೇಸನ್ನೇ ದಾಖಲಿಸಲಿಲ್ಲ. ಆದರೂ ಪದವಿಗೆ ತಿಂಗಳಷ್ಟೇ ಇರುವಾಗ ಅವನ ದಾಖಲೆ ರದ್ದಾಯಿತು. ಅವನು ಕೋರ್ಟಿಗೆ ಹೋದ. ಏಪ್ರಿಲ್ 15ರಂದು ತಾತ್ಕಾಲಿಕ ತಡೆಯಾಜ್ಞೆ ಸಿಕ್ಕಿತು. ಇಂಥ ಮೊಕದ್ದಮೆಗಳು ದೇಶದ ಉದ್ದಗಲಕ್ಕೂ ದಾಖಲಾದ ಮೇಲೆ, ಏಪ್ರಿಲ್ 25ರಂದು ಸರ್ಕಾರ ದಾಖಲೆಗಳನ್ನು ಮರಳಿ ಜೀವಂತಗೊಳಿಸುವುದಾಗಿ ತಿಳಿಸಿತು.

ಎರಡೂ ಪ್ರಕರಣಗಳು ಹೇಳುವುದು ಒಂದೇ ಮಾತು. ಕಾನೂನಿನ ರಕ್ಷಣೆ ಅಲ್ಲಿ ಈಗಲೂ ಇದೆ, ಆದರೆ ಅದು ತಾನಾಗಿ ಬಂದು ಕೈ ಹಿಡಿಯುವುದಿಲ್ಲ. ಮೊದಲ ಕೆಲವು ಗಂಟೆಗಳಲ್ಲಿ ಸರಿಯಾದ ಕಾಗದ, ಸರಿಯಾದ ಫೋನ್ ನಂಬರ್, ಸರಿಯಾದ ವಕೀಲರು ಸಿಕ್ಕಿದವರಿಗೆ ಅದು ಕೆಲಸ ಮಾಡುತ್ತದೆ. ಆ ಸಿದ್ಧತೆ ನೆಮ್ಮದಿಯ ದಿನಗಳಲ್ಲೇ ಆಗಬೇಕು. 2024–25ರಲ್ಲಿ ಅಮೆರಿಕದಲ್ಲಿ ಓದುತ್ತಿದ್ದ ಭಾರತೀಯರು 3.63 ಲಕ್ಷ. ನಮ್ಮ ಜಿಲ್ಲೆಗಳ ಎಷ್ಟೋ ಮನೆಗಳ ಮಕ್ಕಳು ಅವರಲ್ಲಿದ್ದಾರೆ. ಈ ಲೇಖನ ಅವರಿಗಾಗಿ. ಇದು ವಕೀಲರ ಸಲಹೆಗೆ ಬದಲಿಯಲ್ಲ. ನಿಯಮಗಳು ಬೇಗ ಬೇಗ ಬದಲಾಗುತ್ತಿವೆ.

ವೀಸಾ ಬೇರೆ, ಸ್ಟೇಟಸ್ ಬೇರೆ

ಪಾಸ್‌ಪೋರ್ಟಿನಲ್ಲಿ ಅಂಟಿಸಿರುವ, ವಿದ್ಯಾರ್ಥಿಗಳ ಎಫ್-1 ವೀಸಾ ದೇಶದೊಳಗೆ ಬರುವುದಕ್ಕಷ್ಟೇ. ಒಳಗೆ ಉಳಿಯಲು ಬೇಕಾದದ್ದು ಸ್ಟೇಟಸ್. ಅದಕ್ಕೆ ಆಧಾರ ವಿಶ್ವವಿದ್ಯಾಲಯ ಕೊಡುವ ಐ-20, ಪ್ರವೇಶದ ದಾಖಲೆಯಾದ ಐ-94 ಮತ್ತು ಸೆವಿಸ್‌ನಲ್ಲಿರುವ ನಿಮ್ಮ ಕಡತ. ವೀಸಾ ಅವಧಿ ಮುಗಿದರೂ ಸ್ಟೇಟಸ್ ಸರಿಯಿದ್ದರೆ ಓದು ಮುಂದುವರಿಸಬಹುದು. ಅವಧಿ ಮುಗಿಯುವುದಕ್ಕೂ ರದ್ದಾಗುವುದಕ್ಕೂ ಮಾತ್ರ ದೊಡ್ಡ ವ್ಯತ್ಯಾಸವಿದೆ. ವೀಸಾ ರದ್ದಾದರೆ ಅದನ್ನೇ ಗಡೀಪಾರಿಗೆ ಕಾರಣವಾಗಿ ತೋರಿಸಲು ಕಾನೂನಿನಲ್ಲಿ ಅವಕಾಶವಿದೆ. ಹಾಗಾಗಿ ರದ್ದಾದ ಸುದ್ದಿ ಬಂದ ದಿನವೇ ವಕೀಲರನ್ನು ಕಾಣಬೇಕು. ಅವರನ್ನು ಕೇಳದೆ ದೇಶ ಬಿಟ್ಟು ಹೊರಡಬೇಡಿ. ಹೊರಟರೆ ಮರಳುವುದು ಕಷ್ಟ.

ರದ್ದತಿಯ ಸುದ್ದಿ ಸಾಮಾನ್ಯವಾಗಿ ಬರುವುದು ವೀಸಾ ಅರ್ಜಿಯಲ್ಲಿ ಕೊಟ್ಟ ಇಮೇಲ್‌ಗೆ. ನಮ್ಮಲ್ಲಿ ಅರ್ಜಿಯನ್ನು ಕನ್ಸಲ್ಟೆನ್ಸಿಯವರೇ ತುಂಬಿಕೊಡುವುದುಂಟು. ಅವರು ತಮ್ಮದೇ ಇಮೇಲ್ ವಿಳಾಸ ಕೊಟ್ಟಿದ್ದರೆ ನಿಮಗೆ ಬರಬೇಕಾದ ಪತ್ರ ಅವರ ಕಂಪ್ಯೂಟರಿನಲ್ಲೇ ಕುಳಿತಿರುತ್ತದೆ. ಯಾವ ವಿಳಾಸ ಕೊಟ್ಟಿದ್ದಾರೆಂದು ಇಂದೇ ಕೇಳಿ. ಸ್ಪ್ಯಾಮ್ ಫೋಲ್ಡರನ್ನೂ ನೋಡುತ್ತಿರಿ.

ಸೆವಿಸ್ ಕಡತ ಹೆಚ್ಚಿನ ವಿದ್ಯಾರ್ಥಿಗಳ ಕಣ್ಣಿಗೆ ನೇರವಾಗಿ ಕಾಣುವುದಿಲ್ಲ. ಅದನ್ನು ನೋಡಬಲ್ಲವರು ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಯಲ್ಲಿರುವ ‘ಡಿಎಸ್‌ಒ’ ಎಂಬ ಅಧಿಕಾರಿ. 2025ರ ಏಪ್ರಿಲ್‌ನಲ್ಲಿ ಎಷ್ಟೋ ಮಂದಿಗೆ ವಿಷಯ ತಿಳಿದದ್ದು ಡಿಎಸ್‌ಒಗಳು ಕಡತ ತೆಗೆದು ನೋಡಿದ್ದರಿಂದಲೇ. ಸೆಮಿಸ್ಟರಿಗೊಮ್ಮೆಯಾದರೂ ‘ನನ್ನ ಕಡತ ಆ್ಯಕ್ಟಿವ್ ಇದೆಯೇ’ ಎಂದು ಅವರನ್ನು ಕೇಳಿ.

ಎಡವಬಾರದ ಕಡೆ ಎಡವಬೇಡಿ

ಅಧಿಕಾರಿಗಳ ಕೈಗೆ ನಾವಾಗಿಯೇ ಕಾರಣ ಕೊಡಬಾರದು. ಮನೆ ಬದಲಿಸಿದರೆ 10 ದಿನದೊಳಗೆ ಡಿಎಸ್‌ಒಗೆ ಹೊಸ ವಿಳಾಸ ತಿಳಿಸಿ. ಕೋರ್ಸ್ ಕೈಬಿಡುವ ಮೊದಲು ಅವರ ಒಪ್ಪಿಗೆ ಪಡೆಯಿರಿ. ತರಗತಿಗಳು ನಡೆಯುವಾಗ ಕ್ಯಾಂಪಸ್ಸಿನೊಳಗಿನ ಕೆಲಸ ವಾರಕ್ಕೆ 20 ಗಂಟೆ ಮೀರಬಾರದು. ಪೆಟ್ರೋಲ್ ಬಂಕಿನಲ್ಲೋ ಹೋಟೆಲಿನಲ್ಲೋ ನಗದಿಗೆ ದುಡಿದರೆ ಖರ್ಚಿಗೆ ಕಾಸು ಸಿಗುತ್ತದೆ, ಸ್ಟೇಟಸ್ ಹೋಗುತ್ತದೆ. ಓದು ಮುಗಿದ ಮೇಲೆ ಕೆಲಸದ ತರಬೇತಿಗೆ ಸಿಗುವ ‘ಒಪಿಟಿ’ ಅವಧಿಯಲ್ಲಿ ಕೆಲಸವಿಲ್ಲದ ದಿನಗಳು ಒಟ್ಟು 90 ದಾಟಬಾರದು.

ಕುಡಿದು ವಾಹನ ಓಡಿಸಿ ಸಿಕ್ಕಿಬಿದ್ದರೆ ಶಿಕ್ಷೆಯಾಗುವ ಮೊದಲೇ ವೀಸಾ ರದ್ದಾಗಬಹುದು. ಕ್ಯಾಲಿಫೋರ್ನಿಯಾದಂಥ ರಾಜ್ಯಗಳಲ್ಲಿ ಗಾಂಜಾ ಅಂಗಡಿಯಲ್ಲೇ ಮಾರಾಟಕ್ಕಿದ್ದರೂ ಫೆಡರಲ್ ಕಾನೂನಿನ ಪ್ರಕಾರ ಅದು ಅಪರಾಧ, ವಲಸೆ ವಿಷಯದಲ್ಲಿ ನಡೆಯುವುದು ಫೆಡರಲ್ ಕಾನೂನು. ಡ್ರೈವಿಂಗ್ ಲೈಸೆನ್ಸ್ ಅರ್ಜಿ ತುಂಬುವಾಗ ‘ನಾನು ಅಮೆರಿಕದ ಪ್ರಜೆ’, ‘ಮತದಾರರ ಪಟ್ಟಿಗೆ ಸೇರಿಸಿ’ ಎಂಬ ಚೌಕಗಳಿಗೆ ಗುರುತು ಹಾಕಬೇಡಿ. ಪ್ರಜೆಯೆಂದು ಸುಳ್ಳು ಹೇಳಿದ ತಪ್ಪಿಗೆ ಆ ದೇಶದ ಬಾಗಿಲು ಶಾಶ್ವತವಾಗಿ ಮುಚ್ಚಬಹುದು.

ಕಾಲೇಜಿನ ಆಯ್ಕೆಯಲ್ಲೂ ಎಚ್ಚರ ಬೇಕು. 2011ರಲ್ಲಿ ಕ್ಯಾಲಿಫೋರ್ನಿಯಾದ ಟ್ರೈ-ವ್ಯಾಲಿ ವಿಶ್ವವಿದ್ಯಾಲಯದ ಮೇಲೆ ದಾಳಿಯಾದಾಗ ಭಾರತೀಯ ವಿದ್ಯಾರ್ಥಿಗಳ ಕಾಲಿಗೆ ನಿಗಾ ಪಟ್ಟಿ ಕಟ್ಟಲಾಯಿತು. ಮಿಷಿಗನ್‌ನ ‘ಫಾರ್ಮಿಂಗ್ಟನ್ ವಿಶ್ವವಿದ್ಯಾಲಯ’ವಂತೂ ವಲಸೆ ಇಲಾಖೆಯೇ ಬಲೆಯಾಗಿ ಹುಟ್ಟುಹಾಕಿದ್ದು. 2019ರ ಆರಂಭದಲ್ಲಿ ಅಲ್ಲಿ ಸಿಕ್ಕಿಬಿದ್ದ 130 ವಿದ್ಯಾರ್ಥಿಗಳಲ್ಲಿ 129 ಮಂದಿ ಭಾರತೀಯರು. ತರಗತಿಯೇ ಇಲ್ಲದೆ ಮೊದಲ ದಿನದಿಂದ ಕೆಲಸಕ್ಕೆ ಬಿಡುತ್ತೇವೆ ಎನ್ನುವ ಕಡೆ ಕಾಲಿಡಬೇಡಿ.

ಕ್ಯಾಂಪಸ್ಸಿನಲ್ಲಿ ಎಲ್ಲಿಯವರೆಗೆ ಬರಬಹುದು?

ವಲಸೆ ಕಾನೂನು ಜಾರಿ ಮಾಡುವ ಐಸಿಇ ಸಂಸ್ಥೆಯನ್ನು ಅಲ್ಲಿ ಎಲ್ಲರೂ ಕರೆಯುವುದು ‘ಐಸ್’ ಎಂದೇ. ಶಾಲೆ, ಕಾಲೇಜು, ಆಸ್ಪತ್ರೆ, ಪೂಜಾಸ್ಥಳಗಳಲ್ಲಿ ಕಾರ್ಯಾಚರಣೆ ಆದಷ್ಟೂ ಬೇಡ ಎಂಬ ಸೂಚನೆ ಹಲವು ವರ್ಷ ಜಾರಿಯಲ್ಲಿತ್ತು. 2025ರ ಜನವರಿಯಲ್ಲಿ ಅದನ್ನು ಹಿಂತೆಗೆದುಕೊಳ್ಳಲಾಯಿತು. ಹೋದದ್ದು ಇಲಾಖೆಯ ಆಂತರಿಕ ಸೂಚನೆ ಮಾತ್ರ. ಕಾರಣವಿಲ್ಲದ ಶೋಧ ಮತ್ತು ಬಂಧನದಿಂದ ಕಾಪಾಡುವ ಸಂವಿಧಾನದ ನಾಲ್ಕನೇ ತಿದ್ದುಪಡಿ, ಮೌನದ ಹಕ್ಕು ಕೊಡುವ ಐದನೇ ತಿದ್ದುಪಡಿ ಎರಡೂ ಹಾಗೇ ಇವೆ. ಪ್ರಜೆಗಳಷ್ಟೇ ಅಲ್ಲ, ಆ ನೆಲದಲ್ಲಿರುವ ಎಲ್ಲರಿಗೂ ಅವು ಅನ್ವಯಿಸುತ್ತವೆ.

ಎಲ್ಲರೂ ಓಡಾಡುವ ಹುಲ್ಲುಹಾಸು, ರಸ್ತೆ, ಪಾರ್ಕಿಂಗ್, ಯಾರು ಬೇಕಾದರೂ ಬರಬಹುದಾದ ಕ್ಯಾಂಟೀನು ಇವೆಲ್ಲ ಸಾರ್ವಜನಿಕ ಜಾಗಗಳು. ಅಲ್ಲಿಗೆ ಐಸ್ ಅಧಿಕಾರಿಗಳೂ ಬರಬಹುದು. ಹಾಸ್ಟೆಲ್ ಕೋಣೆ, ಕಾರ್ಡ್ ಉಜ್ಜಿ ಒಳಹೋಗಬೇಕಾದ ಲ್ಯಾಬು, ಪ್ರಾಧ್ಯಾಪಕರ ಕೊಠಡಿಯಂಥ ಜಾಗಗಳಿಗೆ ಒಪ್ಪಿಗೆಯಿಲ್ಲದೆ ನುಗ್ಗಬೇಕಾದರೆ ಸಾಮಾನ್ಯವಾಗಿ ನ್ಯಾಯಾಧೀಶರು ಸಹಿ ಮಾಡಿದ ವಾರಂಟ್ ಬೇಕು. ಆದ್ದರಿಂದ ನಿಮ್ಮ ಹಿಂದೆ ಬಂದ ಅಪರಿಚಿತರಿಗೆ ಹಾಸ್ಟೆಲಿನ ಬಾಗಿಲು ಹಿಡಿದು ನಿಲ್ಲಬೇಡಿ. ಸೌಜನ್ಯಕ್ಕೆಂದು ಮಾಡುವ ಆ ಸಣ್ಣ ಕೆಲಸದಿಂದ ಇನ್ನೊಬ್ಬರ ರಕ್ಷಣೆ ಹೋಗಬಹುದು.

ಅಧಿಕಾರಿ ತೋರಿಸುವ ಕಾಗದದ ನೆತ್ತಿಯನ್ನು ಮೊದಲು ನೋಡಿ. ‘ಯುನೈಟೆಡ್ ಸ್ಟೇಟ್ಸ್ ಡಿಸ್ಟ್ರಿಕ್ಟ್ ಕೋರ್ಟ್’ ಎಂದೋ ರಾಜ್ಯದ ಕೋರ್ಟಿನ ಹೆಸರೋ ಇದ್ದು, ಕೆಳಗೆ ನ್ಯಾಯಾಧೀಶರ ಸಹಿ, ಸರಿಯಾದ ವಿಳಾಸ, ಊರ್ಜಿತವಿರುವ ದಿನಾಂಕ ಇದ್ದರೆ ಅದು ಕೋರ್ಟಿನ ವಾರಂಟ್. ಅದಕ್ಕೆ ಅಡ್ಡ ಬರುವಂತಿಲ್ಲ. ‘ಡಿಪಾರ್ಟ್‌ಮೆಂಟ್ ಆಫ್ ಹೋಮ್‌ಲ್ಯಾಂಡ್ ಸೆಕ್ಯುರಿಟಿ’ ಎಂದಿದ್ದು, ಮೂಲೆಯಲ್ಲಿ ಐ-200 ಅಥವಾ ಐ-205 ಎಂಬ ನಮೂನೆ ಸಂಖ್ಯೆ ಇದ್ದು, ಸಹಿ ವಲಸೆ ಅಧಿಕಾರಿಯದ್ದಾಗಿದ್ದರೆ ಅದು ಇಲಾಖೆಯೇ ಹೊರಡಿಸಿದ ವಾರಂಟ್. ಬೀದಿಯಲ್ಲಿ ಬಂಧಿಸಲು ಅದು ಸಾಕು. ಮುಚ್ಚಿದ ಬಾಗಿಲು ತೆರೆಸಲು ಸಾಲದು ಎಂಬುದು ಬಹುಕಾಲದಿಂದ ನಡೆದುಬಂದ ತಿಳಿವಳಿಕೆ. ಅಂತಿಮ ಗಡೀಪಾರು ಆದೇಶ ಇರುವವರ ಮನೆಗೆ ಐ-205 ಹಿಡಿದೇ ನುಗ್ಗಬಹುದು ಎಂದು ಇಲಾಖೆ ಈಚೆಗೆ ವಾದಿಸುತ್ತಿದೆ. ಆದ್ದರಿಂದ ಬಾಗಿಲು ತೆರೆಯದೆ, ಕಾಗದವನ್ನು ಸಂದಿಯಿಂದ ತಳ್ಳಲು ಅಥವಾ ಕಿಟಕಿಯಲ್ಲಿ ತೋರಿಸಲು ಹೇಳಿ, ಫೋಟೊ ತೆಗೆದು ವಕೀಲರಿಗೆ ಕಳಿಸಿ. ಬಲವಂತವಾಗಿ ನುಗ್ಗಿದರೆ ‘ನನ್ನ ಒಪ್ಪಿಗೆ ಇಲ್ಲ’ ಎಂದು ಗಟ್ಟಿಯಾಗಿ ಹೇಳಿ, ಆದರೆ ಮೈಮೇಲೆ ಬೀಳಬೇಡಿ, ತಳ್ಳಾಡಬೇಡಿ. ತಪ್ಪು ಯಾರದೆಂಬುದು ಆಮೇಲೆ ಕೋರ್ಟಿನಲ್ಲಿ ತೀರ್ಮಾನವಾಗಲಿ.

ನಾಲ್ಕೈದು ಮಂದಿ ಒಂದೇ ಅಪಾರ್ಟ್‌ಮೆಂಟ್ ಹಂಚಿಕೊಂಡಿದ್ದರೆ ಒಂದು ಮಾತು ಎಲ್ಲರೂ ಕೂತು ಆಡಿಕೊಳ್ಳಬೇಕು. ಜೊತೆಯಲ್ಲಿರುವ ಒಬ್ಬ ಬಾಗಿಲು ತೆಗೆದು ‘ಬನ್ನಿ’ ಎಂದರೆ ಅದೇ ಒಪ್ಪಿಗೆಯಾಗಿಬಿಡಬಹುದು. ಬೆಲ್ ಆದರೆ ಮೊದಲು ‘ಯಾರು’ ಎಂದು ಕೇಳುವುದು, ವಾರಂಟ್ ನೋಡದೆ ಚಿಲಕ ತೆಗೆಯದಿರುವುದು ಮನೆಯ ನಿಯಮವಾಗಲಿ.

ದಾರಿಯಲ್ಲಿ ತಡೆದರೆ

ಓಡಬೇಡಿ. ಕೈಗಳು ಕಾಣುವಂತಿರಲಿ. ಸುಳ್ಳು ಹೇಳಬೇಡಿ, ನಕಲಿ ಕಾಗದ ತೋರಿಸಬೇಡಿ. ಎರಡೂ ಪ್ರತ್ಯೇಕ ಅಪರಾಧಗಳು. ಈ ಮೂರು ವಾಕ್ಯಗಳನ್ನು ಬಾಯಿಪಾಠ ಮಾಡಿಕೊಳ್ಳಿ. ಇವುಗಳನ್ನು ಇಂಗ್ಲಿಷಿನಲ್ಲೇ ಹೇಳಬೇಕಾಗುತ್ತದೆ:

1. ‘ಆ್ಯಮ್ ಐ ಫ್ರೀ ಟು ಗೋ?’ ಹೌದೆಂದರೆ ಸಮಾಧಾನವಾಗಿ ನಡೆದುಬಿಡಿ.
2. ‘ಐ ವಾಂಟ್ ಟು ರಿಮೇನ್ ಸೈಲೆಂಟ್ ಆ್ಯಂಡ್ ಸ್ಪೀಕ್ ಟು ಎ ಲಾಯರ್.’ ಆಮೇಲೆ ನಿಜಕ್ಕೂ ಸುಮ್ಮನಿರಿ.
3. ‘ಐ ಡು ನಾಟ್ ಕನ್ಸೆಂಟ್ ಟು ಎ ಸರ್ಚ್.’ ಬ್ಯಾಗು, ಕಾರು, ಫೋನು ಎಲ್ಲಕ್ಕೂ ಇದೇ ಮಾತು.

18 ತುಂಬಿದ ವಿದೇಶಿಯರು ನೋಂದಣಿಯ ದಾಖಲೆಯನ್ನು ಸದಾ ಜೊತೆಯಲ್ಲಿ ಇಟ್ಟುಕೊಂಡಿರಬೇಕು ಎಂದು ಅಲ್ಲಿನ ಕಾನೂನು ಹೇಳುತ್ತದೆ. ಎಫ್-1 ವಿದ್ಯಾರ್ಥಿಗಳಿಗೆ ಐ-94 ಅಂಥ ದಾಖಲೆ. ಅದರ ಪ್ರಿಂಟು, ಐ-20 ಪ್ರತಿ, ಪಾಸ್‌ಪೋರ್ಟ್ ಹಾಗೂ ವೀಸಾ ಪುಟಗಳ ಪ್ರತಿ, ಕಾಲೇಜಿನ ಗುರುತಿನ ಚೀಟಿ ಇಷ್ಟು ಬ್ಯಾಗಿನಲ್ಲಿರಲಿ. ಒಪಿಟಿಯಲ್ಲಿದ್ದವರು ಕೆಲಸದ ಅನುಮತಿಯ ಇಎಡಿ ಕಾರ್ಡನ್ನೂ ಇಟ್ಟುಕೊಳ್ಳಿ. ಹಕ್ಕುಗಳನ್ನು ಮುದ್ರಿಸಿದ ‘ರೆಡ್ ಕಾರ್ಡ್’ಗಳನ್ನು ಇಮಿಗ್ರಂಟ್ ಲೀಗಲ್ ರಿಸೋರ್ಸ್ ಸೆಂಟರ್ ಎಂಬ ಸಂಸ್ಥೆ ಹೊರತಂದಿದೆ, ನಾಲಗೆ ಒಣಗಿದಾಗ ಆ ಚೀಟಿ ತೋರಿಸಿದರೂ ಸಾಕು.

ವಿಮಾನ ನಿಲ್ದಾಣದಲ್ಲಿ ಮಾತ್ರ ಲೆಕ್ಕ ಬೇರೆ. ಗಡಿಯಲ್ಲಿ ಅಧಿಕಾರಿಗಳಿಗೆ ಫೋನ್ ತೆರೆದು ನೋಡುವ ಅಧಿಕಾರ ಹೆಚ್ಚು. ಒಪ್ಪದ ವೀಸಾದಾರರನ್ನು ಒಳಗೆ ಬಿಡದೆ ಕಳಿಸಬಹುದು. ಹಳೆಯ ಪೊಲೀಸ್ ಕೇಸು ಎಷ್ಟೇ ಸಣ್ಣದಿರಲಿ, ರಜೆಗೆ ಊರಿಗೆ ಬರುವ ಮೊದಲು ವಕೀಲರನ್ನು ಕೇಳಿ. ಐ-20ರಲ್ಲಿ ಪ್ರಯಾಣದ ಸಹಿ ಇನ್ನೂ ಊರ್ಜಿತವಿದೆಯೇ ನೋಡಿಕೊಳ್ಳಿ.

ಬಂಧನವಾದರೆ ಮೊದಲ ಗಂಟೆಗಳು

ಕಣ್ಣೆದುರು ಯಾರನ್ನಾದರೂ ಹಿಡಿದರೆ, ಕೆಲಸಕ್ಕೆ ಅಡ್ಡಿಯಾಗದಷ್ಟು ದೂರದಲ್ಲಿ ನಿಂತು ವಿಡಿಯೊ ಮಾಡಿ. ಸಮಯ, ಜಾಗ, ವಾಹನದ ನಂಬರ್, ಅಂಗಿಯ ಮೇಲಿರುವ ಇಲಾಖೆಯ ಹೆಸರು ಬರೆದುಕೊಳ್ಳಿ. ಮೊದಲ ಕರೆ ವಕೀಲರಿಗೆ, ಎರಡನೆಯದು ಡಿಎಸ್‌ಒಗೆ, ಮೂರನೆಯದು ಮನೆಯವರಿಗೆ. ಬಂಧನ ಕಾನೂನುಬದ್ಧವೇ ಎಂದು ಪ್ರಶ್ನಿಸುವ ಹೇಬಿಯಸ್ ಕಾರ್ಪಸ್ ಅರ್ಜಿಯನ್ನು ಸಾಮಾನ್ಯವಾಗಿ ವ್ಯಕ್ತಿಯನ್ನು ಇಟ್ಟಿರುವ ಜಿಲ್ಲೆಯ ಫೆಡರಲ್ ಕೋರ್ಟಿನಲ್ಲಿ ಹಾಕಬೇಕು. ಬೇರೆ ರಾಜ್ಯಕ್ಕೆ ಸಾಗಿಸಿದರೆ ಎಲ್ಲವೂ ತೊಡಕಾಗುತ್ತದೆ. ಅವಸರ ಇರುವುದು ಅದಕ್ಕೇ.

ಒಳಗಿರುವವರು ನೆನಪಿಡಬೇಕಾದ್ದು: ವಕೀಲರು ಓದದ ಯಾವ ಕಾಗದಕ್ಕೂ ಸಹಿ ಹಾಕಬೇಡಿ. ‘ಸ್ವಇಚ್ಛೆಯಿಂದ ಹೊರಡುತ್ತೇನೆ’ ಎಂಬ ಒಂದು ಸಹಿಯಿಂದ ನ್ಯಾಯಾಧೀಶರ ಮುಂದೆ ನಿಲ್ಲುವ ಅವಕಾಶವೇ ಕೈತಪ್ಪಬಹುದು. ವಲಸೆ ಕೋರ್ಟಿನಲ್ಲಿ ಸರ್ಕಾರ ಉಚಿತ ವಕೀಲರನ್ನು ಕೊಡುವುದಿಲ್ಲ, ಆದರೆ ನಿಮ್ಮ ವಕೀಲರನ್ನು ಇಟ್ಟುಕೊಳ್ಳುವ ಹಕ್ಕು ಇದೆ. ‘ಭಾರತದ ಕಾನ್ಸುಲೇಟಿಗೆ ತಿಳಿಸಿ’ ಎಂದು ನೀವೇ ಬಾಯಿಬಿಟ್ಟು ಕೇಳಿ. 1963ರ ವಿಯೆನ್ನಾ ಒಪ್ಪಂದ ಆ ಹಕ್ಕು ಕೊಡುತ್ತದೆ.

ಬಂಧಿತರು ಎಲ್ಲಿದ್ದಾರೆಂದು ಹುಡುಕಲು ಐಸ್‌ನದೇ ಆನ್‌ಲೈನ್ ವ್ಯವಸ್ಥೆ ಇದೆ. ಅಲ್ಲಿ ಹೆಸರು ಅಕ್ಷರ ಬಿಡದೆ ಹೊಂದಬೇಕು. ನಮಗೆ ತೊಡಕಾಗುವುದು ಇಲ್ಲೇ. ಇನಿಶಿಯಲ್‌ನಲ್ಲಿ ಊರು ಮತ್ತು ಅಪ್ಪನ ಹೆಸರು ಇಡುವವರು ನಾವು. ಪಾಸ್‌ಪೋರ್ಟಿನಲ್ಲಿ ಅದು ಬಿಡಿಸಿ ಬರೆದಿರುತ್ತದೆ, ಕಾಲೇಜಿನಲ್ಲಿ ಇನ್ನೊಂದು ರೂಪದಲ್ಲಿರುತ್ತದೆ. ಒಂದೇ ಹೆಸರಿದ್ದವರ ವೀಸಾದಲ್ಲಿ ಮುಂದೆ ‘ಎಫ್‌ಎನ್‌ಯು’ (ಮೊದಲ ಹೆಸರು ತಿಳಿಯದು) ಎಂದು ಸೇರಿರುತ್ತದೆ. ವೀಸಾದಲ್ಲಿರುವ ಹೆಸರನ್ನು ಇದ್ದಂತೆಯೇ ಬರೆದಿಡಿ. ವಲಸೆ ಇಲಾಖೆ ಕೊಡುವ ‘ಎ-ನಂಬರ್’ ಗೊತ್ತಿದ್ದರೆ ಹುಡುಕಾಟ ಇನ್ನೂ ಸುಲಭ. ಇಎಡಿ ಕಾರ್ಡಿನ ಮೇಲೆ ‘ಯುಎಸ್‌ಸಿಐಎಸ್ ನಂಬರ್’ ಎಂದಿರುವುದು ಅದೇ.

ಊರಿನಲ್ಲಿರುವ ಅಪ್ಪ–ಅಮ್ಮಂದಿರಿಗೆ

ಗಾಬರಿಯಾಗಿ ಕಾಲೇಜಿಗೆ ಫೋನ್ ಮಾಡಿದರೆ ‘ವಿದ್ಯಾರ್ಥಿಯ ವಿಷಯ ಹೇಳಲಾಗದು’ ಎಂಬ ಉತ್ತರ ಬರಬಹುದು. ಅವರೇನೂ ಉಡಾಫೆ ಮಾಡುತ್ತಿಲ್ಲ. 1974ರ ‘ಫರ್ಪಾ’ ಕಾಯ್ದೆಯಡಿ ವಿದ್ಯಾರ್ಥಿಯ ಒಪ್ಪಿಗೆ ಇಲ್ಲದೆ ಹೆತ್ತವರಿಗೂ ವಿವರ ಕೊಡುವಂತಿಲ್ಲ. ನಿಮ್ಮ ಹೆಸರನ್ನು ಸೇರಿಸಿ ಒಪ್ಪಿಗೆ ಪತ್ರ ತುಂಬಿಕೊಡಲು ಮಗನಿಗೋ ಮಗಳಿಗೋ ಈಗಲೇ ಹೇಳಿ.

ಮನೆಯಲ್ಲಿ ಒಂದು ಫೈಲು ಇರಲಿ. ಪಾಸ್‌ಪೋರ್ಟ್, ವೀಸಾ, ಐ-20, ಐ-94 ಪ್ರತಿಗಳು, ಸೆವಿಸ್ ಸಂಖ್ಯೆ, ಮನೆ ವಿಳಾಸ, ಜೊತೆಯಲ್ಲಿರುವ ಇಬ್ಬರ ಫೋನ್ ನಂಬರ್, ಡಿಎಸ್‌ಒ ಮತ್ತು ವಕೀಲರ ನಂಬರ್, ನಿತ್ಯ ತೆಗೆದುಕೊಳ್ಳುವ ಔಷಧಿಯಿದ್ದರೆ ಅದರ ವಿವರ ಅದರಲ್ಲಿರಲಿ. ವಿದೇಶಾಂಗ ಸಚಿವಾಲಯದ ‘ಮದದ್’ ಪೋರ್ಟಲ್‌ನಲ್ಲಿ ದೂರು ದಾಖಲಿಸಬಹುದು. ವಾಷಿಂಗ್ಟನ್‌ನ ರಾಯಭಾರ ಕಚೇರಿಯ ಜೊತೆಗೆ ನ್ಯೂಯಾರ್ಕ್, ಷಿಕಾಗೊ, ಹ್ಯೂಸ್ಟನ್, ಅಟ್ಲಾಂಟಾ, ಸ್ಯಾನ್‌ಫ್ರಾನ್ಸಿಸ್ಕೊ, ಸಿಯಾಟಲ್‌ಗಳಲ್ಲಿ ಭಾರತದ ಕಾನ್ಸುಲೇಟುಗಳಿವೆ. ಮಗು ಇರುವ ರಾಜ್ಯ ಯಾವುದರ ವ್ಯಾಪ್ತಿಗೆ ಬರುತ್ತದೆಂದು ಗುರುತು ಹಾಕಿಡಿ. ಹತ್ತಿರದ ಕನ್ನಡ ಕೂಟದ ಪರಿಚಯವಿದ್ದರೆ ಒಳ್ಳೆಯ ವಕೀಲರನ್ನು ಹುಡುಕುವುದು ಸುಲಭವಾಗುತ್ತದೆ. ವಕೀಲರು ಒಪ್ಪುವ ತನಕ ಟಿ.ವಿ. ಮುಂದಾಗಲಿ ವಾಟ್ಸ್‌ಆ್ಯಪ್ ಗುಂಪುಗಳಲ್ಲಾಗಲಿ ವಿವರ ಹರಿಬಿಡಬೇಡಿ.

‘ನಾವು ಐಸ್‌ನವರು, ಈಗಲೇ ಹಣ ಕಟ್ಟದಿದ್ದರೆ ನಿಮ್ಮ ಮಗಳನ್ನು ಹಿಡಿಯುತ್ತೇವೆ’ ಎಂದು ಕರೆ ಬಂದರೆ ಅದು ಮೋಸ. ಯಾವ ಸರ್ಕಾರಿ ಅಧಿಕಾರಿಯೂ ಫೋನಿನಲ್ಲಿ ಗಿಫ್ಟ್ ಕಾರ್ಡ್ ಕೇಳುವುದಿಲ್ಲ. ಕರೆ ಕತ್ತರಿಸಿ, ಡಿಎಸ್‌ಒಗೆ ತಿಳಿಸಿ.

ವಿಶ್ವವಿದ್ಯಾಲಯದ ಹೊಣೆ

ಒಬ್ಬೊಬ್ಬರೇ ಎಚ್ಚರವಾಗಿದ್ದರೆ ಸಾಲದು. ದುಬಾರಿ ಶುಲ್ಕ ಪಡೆದು ಕರೆಸಿಕೊಂಡ ಸಂಸ್ಥೆಗೂ ಜವಾಬ್ದಾರಿಯಿದೆ. ವಿದ್ಯಾರ್ಥಿ ಸಂಘಗಳು ಆಡಳಿತವನ್ನು ಕೇಳಬೇಕಾದ ಪ್ರಶ್ನೆಗಳು ಇವು. ಅಧಿಕಾರಿಗಳು ಬಂದರೆ ಹಾಸ್ಟೆಲ್ ಸಿಬ್ಬಂದಿ, ಗ್ರಂಥಪಾಲಕರು, ಬೋಧಕರು ಯಾರಿಗೆ ಫೋನ್ ಮಾಡಬೇಕು? ವಾರಂಟ್ ಪರಿಶೀಲಿಸುವ ಕೆಲಸವನ್ನು ಕಾನೂನು ವಿಭಾಗಕ್ಕೆ ಒಪ್ಪಿಸಲಾಗಿದೆಯೇ? ಯಾವ ಕಟ್ಟಡಗಳು ಸಾರ್ವಜನಿಕ, ಯಾವುವು ಅಲ್ಲ ಎಂದು ಬಾಗಿಲ ಮೇಲೆ ಫಲಕವಿದೆಯೇ? ಕಾನೂನು ಕಾಲೇಜಿನ ವಲಸೆ ಕ್ಲಿನಿಕ್ಕಿನಲ್ಲಿ ಉಚಿತ ನೆರವು ಸಿಗುತ್ತದೆಯೇ? ಬಂಧನಕ್ಕೊಳಗಾದವರ ಸೀಟು, ಹಾಸ್ಟೆಲ್, ಸ್ಟೈಪೆಂಡ್ ಉಳಿಯುತ್ತವೆಯೇ?

ಕ್ಯಾಂಪಸ್ ಪೊಲೀಸರ ಬಗ್ಗೆಯೂ ಕೇಳಿ. ಫ್ಲಾರಿಡಾದಲ್ಲಿ ಹಲವು ಸರ್ಕಾರಿ ವಿಶ್ವವಿದ್ಯಾಲಯಗಳ ಪೊಲೀಸರು 2025ರಲ್ಲಿ ಐಸ್ ಜೊತೆ ‘287(ಜಿ)’ ಒಪ್ಪಂದ ಮಾಡಿಕೊಂಡು ವಲಸೆ ಕಾನೂನು ಜಾರಿಯಲ್ಲಿ ಕೈಜೋಡಿಸಿದ್ದಾರೆ. ನಿಮ್ಮ ಕ್ಯಾಂಪಸ್ಸಿನಲ್ಲಿ ಅಂಥ ಒಪ್ಪಂದ ಇದೆಯೇ ಎಂದು ತಿಳಿದಿರಲಿ. ಫರ್ಪಾ ಕಾಯ್ದೆಯ ಮಿತಿಯನ್ನೂ ಅರಿತಿರಿ. ಎಫ್-1 ವಿದ್ಯಾರ್ಥಿಗಳ ನಿರ್ದಿಷ್ಟ ವಿವರಗಳನ್ನು ವಲಸೆ ಇಲಾಖೆ ಕೇಳಿದರೆ ವಿಶ್ವವಿದ್ಯಾಲಯ ಕೊಡಲೇಬೇಕು. ಆದರೆ ಹೆಸರು, ವಿಳಾಸ, ಫೋನ್ ಇರುವ ‘ಡೈರೆಕ್ಟರಿ ಮಾಹಿತಿ’ ಕಂಡವರ ಕೈಗೆ ಹೋಗದಂತೆ ತಡೆಯಲು ರಿಜಿಸ್ಟ್ರಾರ್ ಕಚೇರಿಯಲ್ಲಿ ಒಂದು ಅರ್ಜಿ ಕೊಟ್ಟರಾಯಿತು.

ಅಲ್ಲೇ ಬೆಳೆದ ಮಕ್ಕಳನ್ನು ಮರೆಯಬಾರದು

ಕ್ಯಾಂಪಸ್ಸಿನಲ್ಲಿ ಕಾಗದಪತ್ರಗಳೇ ಇಲ್ಲದ ವಿದ್ಯಾರ್ಥಿಗಳೂ ಇದ್ದಾರೆ. ಎಳವೆಯಲ್ಲಿ ಬಂದ ಕೆಲವರಿಗೆ 2012ರ ‘ಡಾಕಾ’ ಯೋಜನೆ ತಾತ್ಕಾಲಿಕ ಆಸರೆ ಕೊಟ್ಟಿದೆ. ಎಚ್-1ಬಿ ವೀಸಾದ ಮೇಲೆ ಹೋದ ಕನ್ನಡಿಗರ ಮನೆಗಳಲ್ಲಿ ಸಂಕಟ ಇನ್ನೊಂದು ಬಗೆಯದು. ಅಪ್ಪ–ಅಮ್ಮನ ಗ್ರೀನ್‌ಕಾರ್ಡ್ ಸರದಿ ಬರುವ ಮೊದಲೇ ಮಗುವಿಗೆ 21 ತುಂಬಿದರೆ ಅವಲಂಬಿತರಿಗೆ ಸಿಗುವ ಎಚ್-4 ವೀಸಾ ಕೈಬಿಡುತ್ತದೆ. ಮೂರನೇ ವಯಸ್ಸಿನಿಂದ ಅಲ್ಲೇ ಬೆಳೆದ ಮಗುವೂ ವಿದೇಶಿ ವಿದ್ಯಾರ್ಥಿಯಾಗಿ ಎಫ್-1 ಪಡೆಯಬೇಕು, ಇಲ್ಲವೇ ದೇಶ ಬಿಡಬೇಕು. ಕಾನೂನುಬದ್ಧ ಸ್ಟೇಟಸ್ ಇದ್ದವರಾದ್ದರಿಂದ ಡಾಕಾ ಇವರಿಗೆ ಸಿಗುವುದಿಲ್ಲ. ಇಂಥ ಮನೆಗಳು ಮಗುವಿಗೆ 20 ತುಂಬುವ ಮೊದಲೇ ವಕೀಲರ ಜೊತೆ ಕೂರಬೇಕು.

ಈ ವಾರದ ಕೆಲಸ

ಇಷ್ಟನ್ನು ಓದಿದ ಮೇಲೆ ಭಯಪಡುತ್ತಾ ಕೂರಬೇಡಿ. ಓದಲು ಹೋದ ಮಕ್ಕಳು ತಲೆ ತಗ್ಗಿಸಿ ಬದುಕಬೇಕಾಗಿಲ್ಲ. ಅಲ್ಲಿ ಅವರಿಗೂ ಹಕ್ಕಿದೆ, ಅದಕ್ಕಾಗಿ ನಿಲ್ಲುವ ವಕೀಲರು, ಪ್ರಾಧ್ಯಾಪಕರು, ನ್ಯಾಯಾಧೀಶರು ಇದ್ದಾರೆ. ಐದು ಕೆಲಸ ಈ ವಾರ ಮುಗಿಸಿ. ಡಿಎಸ್‌ಒ ಬಳಿ ಸೆವಿಸ್ ಕಡತ ಸರಿಯಿದೆಯೇ ಎಂದು ಕೇಳಿ. ಒಬ್ಬ ವಲಸೆ ವಕೀಲರನ್ನು ಗೊತ್ತುಮಾಡಿಕೊಂಡು ಅವರ ನಂಬರನ್ನು ಬಾಯಿಪಾಠ ಮಾಡಿ, ಏಕೆಂದರೆ ಫೋನ್ ಕಿತ್ತುಕೊಂಡಾಗ ಉಳಿಯುವುದು ನೆನಪಿನಲ್ಲಿರುವ ನಂಬರು ಮಾತ್ರ. ಫರ್ಪಾ ಒಪ್ಪಿಗೆ ಪತ್ರ ತುಂಬಿ. ಕಾಗದಗಳ ಪ್ರತಿಯನ್ನು ಮನೆಗೆ ಕಳಿಸಿ. ಜೊತೆಯಲ್ಲಿರುವವರೊಂದಿಗೆ ಬಾಗಿಲಿನ ನಿಯಮ ಮಾತಾಡಿಕೊಳ್ಳಿ. ಇಷ್ಟು ಮುಗಿಸಿದವರು ಪಕ್ಕದ ಕೋಣೆಯವರಿಗೂ ಹೇಳಿಕೊಡಿ, ಅವರು ಯಾವ ದೇಶದವರೇ ಆಗಿರಲಿ.